ಕರೆಂಟ್ ಹೋದಾಗ ಕಾರಿನಿಂದ ಮನೆ ನಡೆಸಬಹುದಾ?

ಓದುಗರ ಪ್ರಶ್ನೆ: "ಸರ್, ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹದಿನೈದು ಕಿಲೋಮೀಟರ್ ದೂರದಲ್ಲಿರುವ ಒಂಟಿಮನೆ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ಎರಡು-ಮೂರು ದಿನ ಕರೆಂಟ್ ಇರುವುದಿಲ್ಲ. ಅಮ್ಮನಿಗೆ ಶ್ವಾಸಕೋಶದ ತೊಂದರೆ. ರಾತ್ರಿ ಹತ್ತು ಗಂಟೆ ಆಕ್ಸಿಜನ್ ಕಾನ್ಸಂಟ್ರೇಟರ್ ಬೇಕೇ ಬೇಕು, ಡಾಕ್ಟರ್ 2 ಲೀಟರ್‌ಗೆ ಇಡಲು ಹೇಳಿದ್ದಾರೆ. ಇನ್ವರ್ಟರ್ ಮೂರು ಗಂಟೆಗೆ ಕೈ ಕೊಡುತ್ತದೆ. ಈಗ ಎಲೆಕ್ಟ್ರಿಕ್ ಕಾರು ತೆಗೆದುಕೊಂಡಿದ್ದೇವೆ. 45 ಯೂನಿಟ್ ಬ್ಯಾಟರಿ, ವಿ-ಟು-ಎಲ್ (ಕಾರಿನ ಬ್ಯಾಟರಿಯಿಂದ ಹೊರಗಿನ ಸಾಮಾನಿಗೆ ಕರೆಂಟ್ ಕೊಡುವ ಸೌಲಭ್ಯ) ಇದೆ, 3.3 ಕೆವಿಎ ಕೊಡುತ್ತದಂತೆ. ಶೋರೂಮಿನವರು ಇಡೀ ಮನೆ ಒಂದು ವಾರ ನಡೆಯುತ್ತದೆ ಎಂದರು. ಪಕ್ಕದ ಮನೆಯಣ್ಣ, ಎರಡೂ ತುದಿಗೆ ಪ್ಲಗ್ ಇರುವ ವೈರ್ ಮಾಡಿಸಿ ಜಗಲಿಯ ಸಾಕೆಟ್‌ಗೆ ಚುಚ್ಚು, ಮೇನ್ ಆಫ್ ಮಾಡಿದರೆ ಆಯ್ತು ಅಂತಾರೆ. ನನ್ನ ತಮ್ಮ, ಬ್ಯಾಟರಿ ಹಾಳಾಗುತ್ತೆ, ಮುಟ್ಟಲೇಬೇಡ ಅಂತಾನೆ. ಸೂರಿನ ಮೇಲೆ 3 ಕಿಲೋವ್ಯಾಟ್ ಸೋಲಾರ್ ಇದೆ, ಬ್ಯಾಟರಿ ಇಲ್ಲದ್ದು. ಅದರಿಂದ ಕರೆಂಟ್ ಇಲ್ಲದಾಗ ಕಾರು ಚಾರ್ಜ್ ಆಗುತ್ತದಾ? ತೋಟದ 3 ಎಚ್‌ಪಿ ಪಂಪು ನಡೆಯುತ್ತದಾ?"

ಉತ್ತರ: ಪಂಪು, ಸೋಲಾರ್, ಬ್ಯಾಟರಿ ಎಲ್ಲಕ್ಕೂ ಉತ್ತರ ಕೊಡುತ್ತೇನೆ. ಆದರೆ ನಿಮ್ಮ ನಿಜವಾದ ಚಿಂತೆ ಒಂದೇ. ಕರೆಂಟ್ ಇಲ್ಲದ ರಾತ್ರಿ ಅಮ್ಮನ ಉಸಿರಾಟಕ್ಕೆ ತೊಂದರೆ ಆಗಬಾರದು. ಹಾಗಾಗಿ ಉತ್ತರವನ್ನೂ ಅದರ ಸುತ್ತಲೇ ಕಟ್ಟುತ್ತೇನೆ. ನಿಮ್ಮ ಕಾರು ಈ ಕೆಲಸಕ್ಕೆ ಖಂಡಿತ ಆಗುತ್ತದೆ. ಆದರೆ ಶೋರೂಮಿನವರು ಹೇಳಿದ ಹಾಗೆ ಅಲ್ಲ, ಪಕ್ಕದ ಮನೆಯಣ್ಣ ಹೇಳಿದ ಹಾಗಂತೂ ಅಲ್ಲವೇ ಅಲ್ಲ.

ಮೊದಲು ಆ ಎರಡು ಪ್ಲಗ್‌ನ ವೈರ್ ವಿಷಯ. ದಯವಿಟ್ಟು ಮಾಡಿಸಬೇಡಿ. ಈಗಾಗಲೇ ಮಾಡಿಸಿದ್ದರೆ ಇವತ್ತೇ ಕತ್ತರಿಸಿ. ಒಂದು ತುದಿಯನ್ನು ಕಾರಿಗೆ ಹಾಕಿದ ಕೂಡಲೇ ಇನ್ನೊಂದು ತುದಿಯ ಹಿತ್ತಾಳೆ ಪಿನ್‌ಗಳಲ್ಲಿ 230 ವೋಲ್ಟ್ ಬಂದಿರುತ್ತದೆ. ಕತ್ತಲೆ, ಮಳೆ, ಒದ್ದೆ ಕೈ. ಯಾರಾದರೂ ಎಡವಿ ಪ್ಲಗ್ ಕಿತ್ತು ಬಂದರೆ ಅಷ್ಟೇ.

"ಮೇನ್ ಆಫ್ ಮಾಡಿದರೆ ಆಯ್ತು" ಅನ್ನುವ ಮಾತಲ್ಲೂ ಎರಡು ತೊಂದರೆ ಇವೆ. ಮಲೆನಾಡಿನ ಹಳೇ ಮನೆಗಳಲ್ಲಿ ಇನ್ನೂ ಕಿಟ್‌ಕ್ಯಾಟ್ ಫ್ಯೂಸ್ ಅಥವಾ ಸಿಂಗಲ್ ಪೋಲ್ ಎಂಸಿಬಿ ಇರುತ್ತದೆ. ಅವು ಫೇಸ್ ಅನ್ನು ಮಾತ್ರ ಕತ್ತರಿಸುತ್ತವೆ, ನ್ಯೂಟ್ರಲ್ ಕಂಬದ ತನಕ ಹಾಗೇ ಹೋಗಿರುತ್ತದೆ. ಪ್ಲಗ್ ತಿರುಗುಮುರುಗಾಗಿ ವೈರ್ ಮಾಡಿದ್ದರೆ ಕಾರಿನ ಫೇಸ್ ನೇರ ಆ ನ್ಯೂಟ್ರಲ್ ತಂತಿಗೇ ಸೇರುತ್ತದೆ. ಎರಡನೆಯದು ಮರೆವು. ಮೂರನೇ ದಿನ ರಾತ್ರಿ ಮನೆಯಲ್ಲಿ ಬೇರೆ ಯಾರೋ ಮೇನ್ ಹಾಕುತ್ತಾರೆ. ಆಗ ನಿಮ್ಮ ಕಾರಿನ ಕರೆಂಟ್ ಕಂಬಕ್ಕೆ ಹೋಗುತ್ತದೆ. ಅಲ್ಲಿಂದ ಟ್ರಾನ್ಸ್‌ಫಾರ್ಮರ್ ತಲುಪಿದರೆ ಅದು ಉಲ್ಟಾ ಕೆಲಸ ಮಾಡಿ 11,000 ವೋಲ್ಟ್ ಲೈನಿಗೆ ವೋಲ್ಟೇಜ್ ಏರಿಸುತ್ತದೆ.

"ಊರಿನ ಮನೆಗಳ ಲೋಡೆಲ್ಲ ಬಿದ್ದು ಕಾರೇ ಟ್ರಿಪ್ ಆಗಲ್ವಾ?" ಎಂದು ಕೆಲವರು ಕೇಳುತ್ತಾರೆ. ಪೇಟೆಯಲ್ಲಾದರೆ ಹೆಚ್ಚಾಗಿ ಹಾಗೇ ಆಗುತ್ತದೆ. ನಿಮ್ಮದು ಒಂಟಿಮನೆ. ಮರ ಬಿದ್ದು ತಂತಿ ತುಂಡಾಗಿರುವುದು ನಿಮ್ಮ ಟ್ರಾನ್ಸ್‌ಫಾರ್ಮರ್ ಹತ್ತಿರವೇ ಆದರೆ, ಆ ತುಂಡಿನಲ್ಲಿ ಬೇರೆ ಲೋಡೇ ಇರುವುದಿಲ್ಲ. ಕಾರು ಟ್ರಿಪ್ ಆಗುವುದಿಲ್ಲ, ತಂತಿ ಜೀವಂತವಾಗಿ ಕೂತಿರುತ್ತದೆ. ಅದನ್ನು ಜೋಡಿಸಲು ಮಳೆಯಲ್ಲಿ ನೆನೆಯುತ್ತಾ ಮೆಸ್ಕಾಂ ಲೈನ್‌ಮ್ಯಾನ್ ಕಂಬ ಹತ್ತುತ್ತಾರೆ. ಈ ಅಪಾಯ ನೆನೆಸಿಕೊಂಡರೆ ನನಗೆ ಇವತ್ತಿಗೂ ಎದೆ ಧಸಕ್ ಅನ್ನುತ್ತದೆ. ಜನರೇಟರ್ ಇಟ್ಟುಕೊಂಡವರಿಗೂ ಇದೇ ಮಾತು.

ಇನ್ನು ಶೋರೂಮಿನ "ಇಡೀ ಮನೆ, ಒಂದು ವಾರ". ಇಲ್ಲಿ ಎರಡು ಬೇರೆ ವ್ಯವಸ್ಥೆಗಳು ಕಲಸಿಹೋಗಿವೆ. ಕಾರಿನಿಂದ ಒಂದು ಸಾಕೆಟ್ ಬರುತ್ತದೆ, ಅದಕ್ಕೆ ಬೇಕಾದ ಸಾಮಾನು ಚುಚ್ಚಿಕೊಳ್ಳುತ್ತೀರಿ. ಇದು ವಿ-ಟು-ಎಲ್. ಇಡೀ ಮನೆಗೆ ಕೊಡುವುದು ವಿ-ಟು-ಎಚ್. ಅದಕ್ಕೆ ಗೋಡೆಗೆ ಹಾಕುವ ಬೇರೆಯೇ ಯಂತ್ರ ಬೇಕು. ಅದು ಕಾರಿನಿಂದ ಡಿಸಿ ತೆಗೆದುಕೊಂಡು ಎಸಿ ಮಾಡುತ್ತದೆ, ಕರೆಂಟ್ ಹೋದ ಕೂಡಲೇ ಮನೆಯನ್ನು ಲೈನಿನಿಂದ ತಾನೇ ಬೇರ್ಪಡಿಸುತ್ತದೆ. ಜಪಾನಿನಲ್ಲಿ 2011ರ ಭೂಕಂಪ, ಸುನಾಮಿ ಆದ ಮೇಲೆ ಇದಕ್ಕೆ ಬೇಡಿಕೆ ಬಂತು. 2012ರಲ್ಲಿ ನಿಸಾನ್ ಕಂಪನಿ ತನ್ನ ಲೀಫ್ ಕಾರಿಗೆ ಇಂಥ ವ್ಯವಸ್ಥೆ ತಂದಿತು. ಯೂಟ್ಯೂಬಿನಲ್ಲಿ ಮನೆಗೆ ಮನೆಯೇ ಬೆಳಗುವ ವಿಡಿಯೋಗಳು ಈ ಜಾತಿಯವು. ನಿಮ್ಮ ಹತ್ತಿರ ಇರುವುದು ಮೊದಲನೆಯದು. ಅದೇನೂ ಕಡಿಮೆಯದಲ್ಲ, ಅದರ ಮಿತಿ ಗೊತ್ತಿದ್ದರೆ ಸಾಕು.

ಈಗ ಲೆಕ್ಕ ನೋಡೋಣ. 150 ಎಎಚ್‌ನ 12 ವೋಲ್ಟ್ ಇನ್ವರ್ಟರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1.8 ಯೂನಿಟ್ ಇರುತ್ತದೆ. ಕೈಗೆ ಸಿಗುವುದು ಹೆಚ್ಚೆಂದರೆ 1.2. ಕಾನ್ಸಂಟ್ರೇಟರ್ ಸುಮಾರು 350 ವ್ಯಾಟ್ ಎಳೆಯುತ್ತದೆ. ಹಾಗಾಗಿ ಮೂರು ಗಂಟೆಗೆ ಇನ್ವರ್ಟರ್ ನಿಲ್ಲುವುದು ಸಹಜ, ಅದರ ತಪ್ಪೇನಿಲ್ಲ. ಹತ್ತು ಗಂಟೆಗೆ ಕಾನ್ಸಂಟ್ರೇಟರ್ ಒಂದಕ್ಕೇ 3.5 ಯೂನಿಟ್ ಬೇಕು. ಫ್ರಿಜ್‌ಗೆ ದಿನಕ್ಕೆ ಒಂದು ಯೂನಿಟ್ ಚಿಲ್ಲರೆ. ಎಲ್ಇಡಿ ದೀಪ, ವೈಫೈ, ಲ್ಯಾಪ್‌ಟಾಪ್, ಮೊಬೈಲ್, ಬೆಳಗ್ಗೆ ಒಂದು ಸಲ ಮಿಕ್ಸಿ ಎಲ್ಲಾ ಸೇರಿ ಇನ್ನೊಂದೂವರೆ ಯೂನಿಟ್. ಒಟ್ಟು ದಿನಕ್ಕೆ ಸುಮಾರು 6 ಯೂನಿಟ್. ಮಳೆಗಾಲದಲ್ಲಿ ನಮ್ಮ ಕಡೆ ಫ್ಯಾನ್ ಬೇಡ. ಬಚ್ಚಲಲ್ಲಿ ಹಂಡೆ ಒಲೆ ಇದ್ದರೆ ಗೀಸರ್ ಕೂಡ ಬೇಡ. 45ನ್ನು 6ರಿಂದ ಭಾಗಿಸಿದರೆ ಏಳೂವರೆ ದಿನ. ಶೋರೂಮಿನ "ಒಂದು ವಾರ" ಇಲ್ಲಿಂದಲೇ ಬಂದದ್ದು ಇರಬೇಕು.

ಆದರೆ ಆ ಭಾಗಾಕಾರದಲ್ಲಿ ಎರಡು ಸಂಗತಿ ಬಿಟ್ಟುಹೋಗಿವೆ.

ಒಂದು, ಕಾರಿನದೇ ಖರ್ಚು. ವಿ-ಟು-ಎಲ್ ಆನ್ ಇದ್ದಷ್ಟು ಹೊತ್ತು ಕಾರಿನ ಕಂಪ್ಯೂಟರುಗಳು, ದೊಡ್ಡ ಬ್ಯಾಟರಿಯನ್ನು ಜೋಡಿಸುವ ಸ್ವಿಚ್ (ಕಾಂಟ್ಯಾಕ್ಟರ್), ಕೂಲಿಂಗ್ ಪಂಪು, ಡಿಸಿಯನ್ನು ಎಸಿ ಮಾಡುವ ಭಾಗ ಎಲ್ಲ ಎಚ್ಚರ ಇರುತ್ತವೆ. ಕಾರಿನಿಂದ ಕಾರಿಗೆ ವ್ಯತ್ಯಾಸ ಇದ್ದರೂ 200 ವ್ಯಾಟ್ ಹಿಡಿದುಕೊಳ್ಳಿ. ಇಡೀ ದಿನ ಆನ್ ಇಟ್ಟರೆ ಅದಕ್ಕೇ 5 ಯೂನಿಟ್ ಹತ್ತಿರ ಹೋಗುತ್ತದೆ. ಹಗಲು ಹೊತ್ತು ಬರೀ ವೈಫೈ, ಮೊಬೈಲ್ ಚಾರ್ಜರ್‌ಗೆ ಕಾರು ಆನ್ ಇಡುವುದು ಒಂದು ಲೋಟ ಕಾಫಿಗೆ ಹಂಡೆ ಒಲೆ ಉರಿಸಿದ ಹಾಗೆ. ಹಾಗಾಗಿ ಚಿಕ್ಕ ಕೆಲಸ ಇನ್ವರ್ಟರ್‌ಗೆ ಬಿಡಿ, ದೊಡ್ಡದನ್ನು ಕಾರಿಗೆ ಕೊಡಿ. ರಾತ್ರಿ ಅಮ್ಮನ ಕಾನ್ಸಂಟ್ರೇಟರ್ ಹಾಕುವಾಗ ಕಾರು ಆನ್ ಮಾಡಿ. ಅದೇ ಹತ್ತು ಗಂಟೆಯಲ್ಲಿ ಫ್ರಿಜ್ ತಣ್ಣಗಾಗಲಿ, ಇನ್ವರ್ಟರ್ ಬ್ಯಾಟರಿ ತುಂಬಲಿ, ಫೋನು-ಲ್ಯಾಪ್‌ಟಾಪ್ ಚಾರ್ಜ್ ಆಗಲಿ. ಬೆಳಗ್ಗೆ ಕಾರು ಆಫ್. ಹೀಗೆ ಮಾಡಿದರೆ ಕಾರಿನ ಖರ್ಚೂ ಸೇರಿ ದಿನಕ್ಕೆ ಸುಮಾರು 8 ಯೂನಿಟ್‌ನಲ್ಲಿ ಮುಗಿಯುತ್ತದೆ. ಇಡೀ ದಿನ ಆನ್ ಬಿಟ್ಟರೆ 11.

ಎರಡನೆಯದು ಇದಕ್ಕಿಂತ ದೊಡ್ಡದು. ನಿಮ್ಮ ಕಾರು ಪವರ್ ಬ್ಯಾಂಕ್ ಮಾತ್ರ ಅಲ್ಲ, ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವ ಗಾಡಿಯೂ ಅದೇ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿಲೋಮೀಟರ್, ನಿಮ್ಮ ಮನೆಯಿಂದ 75. ಮಳೆ, ವೈಪರ್, ಹೆಡ್‌ಲೈಟ್, ಮಂಜು ಹಿಡಿದ ಗಾಜಿಗೆ ಎಸಿ ಎಲ್ಲಾ ಸೇರಿ ಒಂದು ಯೂನಿಟ್‌ಗೆ ಆರು ಕಿಲೋಮೀಟರ್ ಹಿಡಿದರೆ 12-13 ಯೂನಿಟ್ ಬೇಕು. ದಾರಿಯಲ್ಲಿ ಮರ ಬಿದ್ದು ಸುತ್ತಿ ಹೋಗಬೇಕಾದರೆ ಇನ್ನೂ ನಾಲ್ಕೈದು. ಅಂದರೆ 18 ಯೂನಿಟ್, ಶೇ. 40. ಮಣಿಪಾಲಕ್ಕೆ ಹೋಗುವವರಾದರೆ ಆಗುಂಬೆ ಘಾಟಿ ಇಳಿಯುವಾಗ ಖರ್ಚು ಕಡಿಮೆ, ನಿಜ. ಆದರೆ ವಾಪಸ್ ಬರುವಾಗ ಆ ಘಾಟಿ ಹತ್ತುವುದಕ್ಕೇ ಎರಡು-ಮೂರು ಯೂನಿಟ್ ಜಾಸ್ತಿ ಬೇಕು.

ತೀರ್ಥಹಳ್ಳಿಯಲ್ಲಿ ಚಾರ್ಜ್ ಮಾಡಿಕೊಂಡರಾಯ್ತು ಎಂದು ನೆಚ್ಚಿಕೊಳ್ಳಬೇಡಿ. ನಿಮ್ಮ ಮನೆಯಲ್ಲಿ ಮೂರು ದಿನ ಕರೆಂಟ್ ಇಲ್ಲ ಅಂದರೆ ಅಲ್ಲೂ ಇಲ್ಲದಿರಬಹುದು. ಪೆಟ್ರೋಲ್ ಕಾರಿನವರು ಕ್ಯಾನಿನಲ್ಲಾದರೂ ತರಿಸಿಕೊಳ್ಳುತ್ತಾರೆ, ನಮಗೆ ಆ ದಾರಿ ಇಲ್ಲ. ಹಾಗಾಗಿ ಶೇ. 40ಕ್ಕಿಂತ ಕೆಳಗೆ ಮನೆಗೆ ಕರೆಂಟ್ ಕೊಡಬೇಡಿ. ಎಷ್ಟಕ್ಕೆ ನಿಲ್ಲಬೇಕು ಎಂದು ಸೆಟ್ ಮಾಡುವ ಸೌಲಭ್ಯ ಅನೇಕ ಕಾರುಗಳಲ್ಲಿದೆ. ನಿಮ್ಮದರಲ್ಲಿದ್ದರೆ 40ಕ್ಕೆ ಇಡಿ. ಶೇ. 90 ತುಂಬಿದ ಕಾರಿನಲ್ಲಿ ಮನೆಗೆ ಉಳಿಯುವುದು 22 ಯೂನಿಟ್. ದಿನಕ್ಕೆ 8ರಂತೆ ಎರಡೂ ಮುಕ್ಕಾಲು ದಿನ. ನಿಮ್ಮ ಊರಿನ ಎರಡು-ಮೂರು ದಿನದ ಕತ್ತಲೆಗೆ ಇದು ಹೆಚ್ಚುಕಡಿಮೆ ಸರಿಹೋಗುತ್ತದೆ. ಹವಾಮಾನ ಇಲಾಖೆ ಶಿವಮೊಗ್ಗ ಜಿಲ್ಲೆಗೆ ಆರೆಂಜ್ ಅಥವಾ ರೆಡ್ ಅಲರ್ಟ್ ಕೊಟ್ಟ ದಿನ ಕಾರನ್ನು ಪೂರ್ತಿ ತುಂಬಿಸಿಕೊಳ್ಳಿ. 15 ಆಂಪ್ ಸಾಕೆಟ್‌ನಲ್ಲಿ ಖಾಲಿ ಕಾರು ತುಂಬಲು ಸುಮಾರು ಹದಿನೈದು ಗಂಟೆ ಬೇಕು, ವೋಲ್ಟೇಜ್ ಕಡಿಮೆ ಇದ್ದರೆ ಇನ್ನೂ ಜಾಸ್ತಿ. ಗಾಳಿ ಶುರುವಾದ ಮೇಲೆ ಪ್ಲಗ್ ಹುಡುಕಿದರೆ ತಡವಾಗುತ್ತದೆ.

ಕಾರು ಮನೆಯಲ್ಲಿ ಇಲ್ಲದ ಹೊತ್ತಿನ ಬಗ್ಗೆಯೂ ಯೋಚಿಸಿ. ಔಷಧಿ ತರಲು ನೀವು ಪೇಟೆಗೆ ಹೋಗಿರುತ್ತೀರಿ, ಹಳ್ಳ ಉಕ್ಕಿ ಆಚೆಯೇ ಉಳಿಯುತ್ತೀರಿ. ಮನೆಯಲ್ಲಿ ಅಮ್ಮ, ಜೊತೆಗೆ ಮೂರು ಗಂಟೆಯ ಇನ್ವರ್ಟರ್. ಹಾಗಾಗಿ ಆಕ್ಸಿಜನ್ ಸಿಲಿಂಡರ್ ಒಂದು ಮನೆಯಲ್ಲಿ ಇರಲೇಬೇಕು. ಬಿ-ಟೈಪ್ ಸಿಲಿಂಡರ್‌ನಲ್ಲಿ ಸುಮಾರು 1,500 ಲೀಟರ್ ಇರುತ್ತದೆ. ನಿಮಿಷಕ್ಕೆ 2 ಲೀಟರ್‌ನಂತೆ ಹನ್ನೆರಡು ಗಂಟೆ ಬರುತ್ತದೆ. ರೆಗ್ಯುಲೇಟರ್ ಹಾಕುವುದು, ತೆಗೆಯುವುದು ಮನೆಯಲ್ಲಿ ಕನಿಷ್ಠ ಇಬ್ಬರಿಗೆ ಗೊತ್ತಿರಲಿ. ಸಿಲಿಂಡರ್ ಒಲೆ, ದೇವರ ದೀಪದಿಂದ ದೂರ ಇರಲಿ. ಎಷ್ಟು ಹೊತ್ತು, ಎಷ್ಟು ಲೀಟರ್ ಎನ್ನುವುದನ್ನು ಡಾಕ್ಟರ್ ಹತ್ತಿರ ಬರೆಸಿಕೊಳ್ಳಿ, ಅದು ನಾನು ಹೇಳುವ ವಿಷಯವಲ್ಲ. ಇನ್ನೊಂದು. ಯಾವುದೋ ಕಾರಣಕ್ಕೆ ನಡುರಾತ್ರಿ ಕಾರಿನಿಂದ ಕರೆಂಟ್ ನಿಂತರೆ ಕಾನ್ಸಂಟ್ರೇಟರ್ ಕೂಗಿ ಎಬ್ಬಿಸಬೇಕು. ಆ ಅಲಾರಂ ಕೆಲಸ ಮಾಡುತ್ತಿದೆಯಾ ಎಂದು ಪ್ಲಗ್ ಕಿತ್ತು ಒಮ್ಮೆ ನೋಡಿ.

ಕಾರಿನ ಕರೆಂಟ್ ಮನೆಯೊಳಗೆ ತರಲು ನಿಮಗೆ ಎರಡು ದಾರಿ ಇವೆ.

ನಾನು ನಿಮ್ಮ ಜಾಗದಲ್ಲಿದ್ದರೆ ಮೊದಲು ಮಾಡುವುದು ಎಕ್ಸ್‌ಟೆನ್ಷನ್. ಕಾರಿನ ಅಡಾಪ್ಟರಿನಿಂದ ನೇರ ಅಮ್ಮನ ಕೋಣೆಗೆ ಒಂದು ಮೂರು ಕೋರ್ ಕೇಬಲ್, 2.5 ಸ್ಕ್ವೇರ್ ಎಂಎಂ ತಾಮ್ರದ್ದು. ಕೊನೆಯಲ್ಲಿ 16 ಆಂಪ್‌ನ ಒಳ್ಳೆಯ ಬೋರ್ಡು. ಕಾನ್ಸಂಟ್ರೇಟರ್, ಫ್ರಿಜ್, ಚಾರ್ಜರ್ ಅಲ್ಲಿಗೇ. ಮನೆಯ ವೈರಿಂಗನ್ನು ಮುಟ್ಟುವುದೇ ಇಲ್ಲ, ಹಾಗಾಗಿ ಕಂಬಕ್ಕೆ ಕರೆಂಟ್ ಹೋಗುವ ಮಾತೇ ಇಲ್ಲ. ಖರ್ಚೂ ಕಡಿಮೆ. ಡ್ರಮ್ಮಿಗೆ ಸುತ್ತಿದ ಕೇಬಲ್ ಆದರೆ ಪೂರ್ತಿ ಬಿಚ್ಚಿ ಬಳಸಿ. ಸುತ್ತಿದ್ದ ಹಾಗೇ ದೊಡ್ಡ ಲೋಡ್ ಹಾಕಿದರೆ ಒಳಗೊಳಗೇ ಕಾದು ಕರಗುತ್ತದೆ. ಜಾಯಿಂಟು ನೆಲದ ಮೇಲೆ ಬೇಡ. ಕಾರನ್ನು ಕೊಟ್ಟಿಗೆ ಮಾಡಿನ ಕೆಳಗೋ ಪೋರ್ಟಿಕೋದಲ್ಲೋ ನಿಲ್ಲಿಸಿ. ನಮ್ಮ ಮಳೆ ಬರೀ ಮೇಲಿಂದ ಬೀಳುವುದಿಲ್ಲ, ಅಡ್ಡಡ್ಡ ಎರಚುತ್ತದೆ. ಅಡಾಪ್ಟರ್ ಚುಚ್ಚಿದ ಬದಿ ಗೋಡೆ ಕಡೆಗಿರಲಿ.

ಎರಡನೆಯದು ಚೇಂಜ್‌ಓವರ್ ಸ್ವಿಚ್. ಇದು ಬೇಕಾಗುವುದು ದೀಪ, ಅಡುಗೆಮನೆ ಸಾಕೆಟ್ ಎಲ್ಲ ಎಂದಿನ ಹಾಗೇ ನಡೆಯಬೇಕು ಅಂದರೆ. ಇಡೀ ಮನೆಗೆ ಬೇಡ. ಬೇಕಾದ ನಾಲ್ಕೈದು ಪಾಯಿಂಟಿಗೆ ಮಾತ್ರ ಬೇರೆ ಸರ್ಕ್ಯೂಟ್ ಮಾಡಿಸಿ, ಅದಕ್ಕೆ ಡಬಲ್ ಪೋಲ್ ಚೇಂಜ್‌ಓವರ್ ಹಾಕಿಸಿ. ಒಂದು ಕಡೆ ಮೆಸ್ಕಾಂ, ಇನ್ನೊಂದು ಕಡೆ ಕಾರು, ನಡುವೆ ಆಫ್. ಎರಡೂ ಒಟ್ಟಿಗೆ ಸೇರಲು ಸಾಧ್ಯವೇ ಇರಬಾರದು. ಫೇಸ್ ಜೊತೆ ನ್ಯೂಟ್ರಲ್ ಕೂಡ ಬದಲಾಗಬೇಕು, ಎಲೆಕ್ಟ್ರಿಷಿಯನ್ ಹತ್ತಿರ ಇದನ್ನು ಒತ್ತಿ ಹೇಳಿ. ಲೈಸೆನ್ಸ್ ಇರುವವರ ಕೈಯಲ್ಲೇ ಮಾಡಿಸಿ. ಕಾರಿನ ಮ್ಯಾನ್ಯುಯಲ್‌ನಲ್ಲಿ ಮನೆ ವೈರಿಂಗಿಗೆ ಜೋಡಿಸಬೇಡಿ ಎಂದು ಬರೆದಿದ್ದರೆ ಈ ದಾರಿ ಬಿಟ್ಟು ಎಕ್ಸ್‌ಟೆನ್ಷನ್‌ನಲ್ಲೇ ಇರಿ.

ಇಲ್ಲಿ ಮಲೆನಾಡಿನದೇ ಒಂದು ಕಿರಿಕಿರಿ ಇದೆ. ಕಾರಿನ ಸಾಕೆಟ್‌ನಲ್ಲಿ ನ್ಯೂಟ್ರಲ್ ಸಾಮಾನ್ಯವಾಗಿ ಭೂಮಿಗೆ ಸೇರಿರುವುದಿಲ್ಲ. ಸೋರಿಕೆ ಕಂಡರೆ ಕಾರು ತಕ್ಷಣ ಕರೆಂಟ್ ನಿಲ್ಲಿಸುತ್ತದೆ. ಹಳೇ ಮನೆಗಳಲ್ಲಿ ಗೋಡೆ ಥಂಡಿ ಹಿಡಿದಿರುತ್ತದೆ, ಎಲ್ಲೋ ಒಂದು ಕಡೆ ನ್ಯೂಟ್ರಲ್ಲೂ ಅರ್ಥಿಂಗೂ ಒಂದಾಗಿರುತ್ತವೆ. ಇನ್ವರ್ಟರ್ ಹಾಕುವಾಗ ನ್ಯೂಟ್ರಲ್ ಬೇರೆ ಎಳೆಯದೆ ಮನೆಯದ್ದಕ್ಕೇ ಸೇರಿಸಿರುವುದೂ ಉಂಟು. ಇಂಥ ಮನೆಯಲ್ಲಿ ಸ್ವಿಚ್ ತಿರುಗಿಸಿದ ಕೂಡಲೇ ಕಾರು ಟ್ರಿಪ್ ಆಗುತ್ತದೆ. ಕಾರು ಕೆಟ್ಟಿದೆ ಅಂದುಕೊಳ್ಳಬೇಡಿ, ವೈರಿಂಗ್ ಸರಿ ಮಾಡಿಸಿ. ಕೆಲವರು ಅರ್ಥ್ ಪಿನ್ ಕತ್ತರಿಸಿ ಕೆಲಸ ಮುಗಿಸುತ್ತಾರೆ. ಅದು ಜೀವ ಉಳಿಸುವ ತಂತಿ, ಕತ್ತರಿಸಲು ಬಿಡಬೇಡಿ. ಇನ್ವರ್ಟರ್‌ನ ಪ್ಲಗ್ಗನ್ನು ಕಾರಿನ ಬೋರ್ಡಿಗೆ ಹಾಕಿ ಬ್ಯಾಟರಿ ತುಂಬಿಸುವ ಮೊದಲೂ ಈ ನ್ಯೂಟ್ರಲ್ ಬೇರೆ ಇದೆಯಾ ಎಂದು ನೋಡಿಸಲೇಬೇಕು. ಇಲ್ಲದಿದ್ದರೆ ಮನೆಯ ನ್ಯೂಟ್ರಲ್ ಮೂಲಕ ಕಾರಿನ ಕರೆಂಟ್ ಹೊರಗೆ ಹೋಗುವ ದಾರಿ ತೆರೆದೇ ಇರುತ್ತದೆ.

ಸೋಲಾರ್ ಬಗ್ಗೆ ನಿರಾಸೆಯ ಉತ್ತರ. ಬ್ಯಾಟರಿ ಇಲ್ಲದ ಗ್ರಿಡ್ ಸೋಲಾರ್ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಬಿಸಿಲಿದ್ದರೂ ಅಷ್ಟೇ. ಲೈನ್‌ಮ್ಯಾನ್ ಸುರಕ್ಷತೆಗೇ ಅದನ್ನು ಹಾಗೆ ಮಾಡಿರುವುದು. ಆದ್ದರಿಂದ ಕಾರು ಚಾರ್ಜ್ ಆಗುವುದಿಲ್ಲ. ಕಾರಿನ ಕರೆಂಟ್ ತೋರಿಸಿ ಸೋಲಾರನ್ನು ಎಬ್ಬಿಸೋಣ ಎಂದು ಯಾರಾದರೂ ಹೇಳಿದರೆ ಖಂಡಿತ ಬೇಡ. ಸೋಲಾರ್ ಇನ್ವರ್ಟರ್ ಕಾರಿನ 230 ವೋಲ್ಟನ್ನೇ ಗ್ರಿಡ್ ಅಂದುಕೊಂಡು ಕರೆಂಟ್ ಒಳಗೆ ನೂಕಲು ಶುರು ಮಾಡುತ್ತದೆ. ಕಾರಿನ ಸಾಕೆಟ್ ಕೊಡುವುದಕ್ಕೆ ಇರುವುದು, ತೆಗೆದುಕೊಳ್ಳುವುದಕ್ಕಲ್ಲ. ಕಾರಿನೊಳಗಿನ ಇನ್ವರ್ಟರ್ ಸುಟ್ಟುಹೋಗಬಹುದು. ಚೇಂಜ್‌ಓವರ್ ಮಾಡಿಸುವಾಗ ಸೋಲಾರ್ ತಂತಿ ಮೆಸ್ಕಾಂ ಬದಿಯಲ್ಲೇ ಉಳಿಯಬೇಕು. ಮುಂದೆ ಹಣ ಕೂಡಿದಾಗ ಹೈಬ್ರಿಡ್ ಇನ್ವರ್ಟರ್ (ಕರೆಂಟ್ ಇಲ್ಲದಾಗಲೂ ಸೋಲಾರ್, ಬ್ಯಾಟರಿ ಎರಡರಿಂದಲೂ ಮನೆಗೆ ಕೊಡುವಂಥದ್ದು), 5 ಯೂನಿಟ್‌ನ ಲಿಥಿಯಂ ಬ್ಯಾಟರಿ ಹಾಕಿಸಿದರೆ ಅಮ್ಮನ ಒಂದು ರಾತ್ರಿ ಕಾರಿಲ್ಲದೆಯೂ ಕಳೆಯುತ್ತದೆ. ನಿಮ್ಮ ಮನೆಗೆ ಅದು ದಂಡದ ಖರ್ಚಲ್ಲ. ಆದರೆ ಬೇಸಿಗೆಯಲ್ಲಿ ದಿನಕ್ಕೆ 12 ಯೂನಿಟ್ ಕೊಡುವ ಸೋಲಾರ್, ಜುಲೈನ ಕವಿದ ಮೋಡದಲ್ಲಿ ಅದರ ಚೂರುಪಾರು ಮಾತ್ರ ಕೊಡುತ್ತದೆ ಅನ್ನುವುದು ಲೆಕ್ಕದಲ್ಲಿರಲಿ.

ಬ್ಯಾಟರಿ ಹಾಳಾಗುತ್ತದೆ ಎಂಬ ತಮ್ಮನ ಭಯ ಬೇಡ. ಘಾಟಿ ಹತ್ತುವಾಗ ಬ್ಯಾಟರಿ ಹತ್ತಾರು ಕಿಲೋವ್ಯಾಟ್ ಕೊಡುತ್ತದೆ. ಕಾನ್ಸಂಟ್ರೇಟರ್ ಕೇಳುವುದು ಅರ್ಧ ಕಿಲೋವ್ಯಾಟೂ ಇಲ್ಲ. ಒಂದು ಮಳೆಗಾಲದಲ್ಲಿ ಹತ್ತು ದಿನ ಹೀಗೆ ಬಳಸಿದರೂ 80 ಯೂನಿಟ್, ಅಂದರೆ ಎರಡು ಸಲ ಕಾರು ತುಂಬಿ ಖಾಲಿ ಮಾಡಿದಷ್ಟು. ವಾರಂಟಿ ಪುಸ್ತಕದಲ್ಲಿ ವಿ-ಟು-ಎಲ್ ಬಗ್ಗೆ ಏನು ಷರತ್ತು ಇದೆ ಎಂದು ಮಾತ್ರ ಓದಿಕೊಳ್ಳಿ.

ತೋಟದ 3 ಎಚ್‌ಪಿ ಪಂಪು ತ್ರೀ ಫೇಸ್ ಇರಬೇಕು. ಕಾರು ಕೊಡುವುದು ಸಿಂಗಲ್ ಫೇಸ್, ಹಾಗಾಗಿ ಆಗುವುದಿಲ್ಲ. ಸಿಂಗಲ್ ಫೇಸ್ ಆಗಿದ್ದರೂ ಮೋಟಾರು ಸ್ಟಾರ್ಟ್ ಆಗುವ ಕ್ಷಣ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ, 3.3 ಕೆವಿಎ ತಡೆಯುವುದಿಲ್ಲ. ಮನೆಯ ಅರ್ಧ ಎಚ್‌ಪಿ ನೀರಿನ ಪಂಪು ನಡೆಯಬಹುದು. ಬೇರೆಲ್ಲ ಆಫ್ ಮಾಡಿ, ಅಮ್ಮನಿಗೆ ಕಾನ್ಸಂಟ್ರೇಟರ್ ಬೇಡದ ಹೊತ್ತಲ್ಲಿ ಒಮ್ಮೆ ನೋಡಿ. ಟ್ರಿಪ್ ಆದರೆ ಮತ್ತೆ ಮತ್ತೆ ಪ್ರಯತ್ನಿಸಬೇಡಿ. ಗುಡ್ಡದಿಂದ ತಾನೇ ಹರಿಯುವ ಅಬ್ಬಿ ನೀರು ಪೈಪಿನಲ್ಲಿ ಬರುವ ಮನೆಯಾದರೆ ಈ ಚಿಂತೆಯೇ ಇಲ್ಲ. ಗುಡುಗು-ಸಿಡಿಲು ಇರುವಾಗ ಕಾರನ್ನು ಚಾರ್ಜರ್‌ನಿಂದ ಬಿಡಿಸಿಡಿ. ಏಪ್ರಿಲ್-ಮೇ ತಿಂಗಳಲ್ಲಿ, ಮತ್ತೆ ಅಕ್ಟೋಬರಿನಲ್ಲಿ ಇದನ್ನು ಮರೆಯಬೇಡಿ.

ಮೃಗಶಿರ ಮಳೆ ಹಿಡಿಯುವ ಮೊದಲು ಒಂದು ರಾತ್ರಿ ಬೇಕೆಂದೇ ಮೇನ್ ಆಫ್ ಮಾಡಿ ಇದನ್ನೆಲ್ಲ ನಡೆಸಿ ನೋಡಿ. ಅಮ್ಮನ ಪಕ್ಕದಲ್ಲಿ ಸಿಲಿಂಡರ್ ಸಿದ್ಧ ಇರಲಿ. ಮಲಗುವಾಗ ಕಾರಿನಲ್ಲಿ ಶೇ. ಎಷ್ಟಿತ್ತು, ಬೆಳಗ್ಗೆ ಎಷ್ಟಿದೆ ಎಂದು ಬರೆದಿಡಿ. ಶೇ. 18ರ ಒಳಗೆ ಇಳಿದಿದ್ದರೆ ನನ್ನ ಲೆಕ್ಕ ನಿಮ್ಮ ಮನೆಗೆ ಸರಿಹೊಂದುತ್ತದೆ. ಅದಕ್ಕಿಂತ ಜಾಸ್ತಿ ಇಳಿದಿದ್ದರೆ ಯಾವ ಯಾವ ಸಾಮಾನು ಹಾಕಿದ್ದಿರಿ ಎಂದು ಪಟ್ಟಿ ಮಾಡಿ, ಕಾರಿನ ಮಾಡೆಲ್ ಜೊತೆ ನನಗೆ ಬರೆಯಿರಿ. ಎಲ್ಲಿ ಸೋರುತ್ತಿದೆ ಎಂದು ನೋಡೋಣ.